ಪೇಟ ತೊಟ್ಟ ಮುಖ್ಯ ಅತಿಥಿ

ಒಬ್ಬರ ಬಗ್ಗೆ ಹೀಗೆ ನೆನಪು ಬರೆಯಬೇಕಾದರೆ ಅವರು ಒಂದೋ ತೀರಿಹೋಗಿರಬೇಕು, ಇಲ್ಲವೇ ನಿವೃತ್ತರಾಗಿರಬೇಕು ಎಂಬುದು ವಾಡಿಕೆ. ನಾನು ಬರೆಯಹೊರಟಿರುವವರಿಗೆ ಎರಡೂ ಆಗಿಲ್ಲ. ಅವರಿಗೆ ಬಡ್ತಿಯಾಗಿದೆ. ನನ್ನ ನೆಮ್ಮದಿ ಕೆಟ್ಟಿರುವುದು ಅದರಿಂದಲೇ.

ಸುದ್ದಿ ತಂದವನು ನಂಜುಂಡ. ಕತಾರಿನ ಹಮದ್ ಬಂದರಿನ ಹತ್ತಿರದ ನಮ್ಮ ಸರಕು ಸಾಗಣೆ ಕಚೇರಿಯಲ್ಲಿ ನಾನು ಕಾಗದಪತ್ರ ನೋಡುವವನು, ಅವನು ಟ್ರೈಲರುಗಳನ್ನು ಹೊರಡಿಸುವವನು. ನಾನು ಉಪ್ಪಿನಂಗಡಿ ಕಡೆಯ ಬ್ಯಾರಿ, ಅವನು ಮೈಸೂರಿನವನು. ಹತ್ತು ಗಂಟೆಯ ಕರಕ್ ಚಹಾದ ಹೊತ್ತಿಗೆ ಫೋನನ್ನು ತಂದು ನನ್ನ ಮೂಗಿನ ಕೆಳಗೆ ಹಿಡಿದ.

“ಸಾಹೇಬ್ರೆ, ಇದು ನಮ್ ಜರ್ಮನ್ ಅಲ್ವಾ ನೋಡಿ.”

ಹೌದು, ಅವರೇ. ಏಳು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತವರು. ಕೂದಲು ಇನ್ನಷ್ಟು ಬೆಳ್ಳಗಾಗಿತ್ತು. ದೊಡ್ಡ ವೇದಿಕೆ, ಹಿಂದೆ ಬಾವುಟಗಳು, ಮುಂದೆ ಚಳಿಗಾಲದ ಕೋಟು ತೊಟ್ಟ ಜನ. ಹೊರಗಿನವರು ಹೊರಗೇ ಹೋಗಬೇಕು ಎನ್ನುವ ಒಂದು ಪಕ್ಷ ಅಲ್ಲಿದೆಯಂತೆ. ಪೇಪರಿನವರು ಅದನ್ನು ಕಡು ಬಲಪಂಥದ್ದು ಎಂದು ಬರೆಯುತ್ತಾರೆ. ಆ ಪಕ್ಷಕ್ಕೆ ಅವರ ರಾಜ್ಯದಲ್ಲಿ ಇವರನ್ನು ನಾಯಕರನ್ನಾಗಿ ಆರಿಸಿದ್ದರು. ಭಾಷಣ ಜರ್ಮನ್‌ನಲ್ಲಿತ್ತು, ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ನಡುವೆ ಒಮ್ಮೆ ಅವರು ಮಾತು ನಿಲ್ಲಿಸಿ ಕನ್ನಡಕ ತೆಗೆದರು. ಅದರ ಕಡ್ಡಿಗಳನ್ನು ಒಂದೊಂದಾಗಿ ಮಡಚಿದರು. ಅಂಗಿಯ ಜೇಬಿಗೆ ಇಳಿಬಿಟ್ಟರು. ನೆಲ ನೋಡುತ್ತ ನಾಲ್ಕು ಎಣಿಸುವಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ಮಾತು ಹೇಳಿದರು, ಜನ ಎದ್ದು ನಿಂತರು.

ನನ್ನ ಕೈಯ ಚಹಾ ಬಾಯಿಗೆ ಹೋಗಲಿಲ್ಲ. ಯಾಕೆಂದರೆ ಆ ಕನ್ನಡಕ ಮಡಚುವುದು ನನ್ನದು. ನಾನೇ ಕಲಿಸಿದ್ದು.

ಅದು ಅಷ್ಟಕ್ಕೇ ಮುಗಿದಿದ್ದರೆ ನಂಜುಂಡನ ಜೊತೆ ನಕ್ಕು ಬಿಡಬಹುದಿತ್ತು. ಆದರೆ ಅದೇ ಹೊತ್ತಿಗೆ ಅಬು ಹಮೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ, ಹಣ್ಣಿನ ಬುಟ್ಟಿಯ ಕೆಳಗೆ, ನನ್ನ ಮಗಳು ಅಫ್ರಾಳ ಕೆಲಸದ ಕರಾರುಪತ್ರ ಇತ್ತು. ಫಿಸಿಯೋಥೆರಪಿ ಮುಗಿಸಿ, ಎರಡು ವರ್ಷ ಜರ್ಮನ್ ಕಲಿತು, ಪರೀಕ್ಷೆ ಪಾಸಾಗಿ ಅವಳು ಗಿಟ್ಟಿಸಿದ ಕೆಲಸ. ಅದೇ ದೇಶ, ಅದೇ ರಾಜ್ಯ. ಭೂಪಟದಲ್ಲಿ ಅಳೆದು ನೋಡಿದೆ. ಅವರ ಊರಿನಿಂದ ಅವಳ ಆಸ್ಪತ್ರೆಗೆ ನನ್ನ ಹೆಬ್ಬೆರಳಿನ ಉಗುರಿನಷ್ಟು ದೂರ. ಸಹಿ ಹಾಕಿ ಕಳಿಸಲು ಒಂದು ವಾರ ಉಳಿದಿತ್ತು.

*

ಅವರ ಕೆಲಸ ಭಾರದ ಸರಕನ್ನು ಟ್ರೈಲರಿನ ಮೇಲೆ ಕಟ್ಟಿಸುವುದು. ಮನೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರುಗಳು ಹಡಗಿನಿಂದ ಇಳಿಯುತ್ತಿದ್ದವು. ಅವನ್ನು ಸರಪಳಿ, ಪಟ್ಟಿಗಳಿಂದ ಬಿಗಿದು ಮರುಭೂಮಿಯೊಳಗೆ ಕಳಿಸಬೇಕು. ಕೆಲಸದವರು ಬಿಗಿದು ಮುಗಿಸಿದ ಮೇಲೆ ಇವರು ಸುತ್ತ ಒಂದು ಬಳಸು ಬಂದು ಪ್ರತಿಯೊಂದು ಪಟ್ಟಿಯನ್ನೂ ತೋರುಬೆರಳಿನಿಂದ ಮೀಟುತ್ತಿದ್ದರು, ತಂಬೂರಿ ಮೀಟಿದ ಹಾಗೆ. ಮೀಟಿ ತಲೆ ಓರೆ ಮಾಡಿ ಕೇಳುವುದು. ಗುಂಯ್ ಎಂದರೆ ಸರಿ. ಡಬ್ ಎಂದರೆ ಬಿಚ್ಚಿ ಮತ್ತೆ ಕಟ್ಟಬೇಕು. ಐವತ್ತು ಡಿಗ್ರಿ ಬಿಸಿಲಿನಲ್ಲೂ ಇದರಲ್ಲಿ ರಿಯಾಯಿತಿ ಇರಲಿಲ್ಲ. “ಕಟ್ಟದೆ ಬಿಟ್ಟದ್ದು ಕದಲುತ್ತದೆ” ಎನ್ನುವುದು ಅವರ ಮಾತು. ಮೀಟಿಂಗಿನಲ್ಲೂ ಅದೇ, ಲಿಫ್ಟಿನಲ್ಲೂ ಅದೇ. ನನ್ನಂಥ ಚಿಂತೆಕೋರನಿಗೆ ಆ ಮಾತು ಜಪಮಣಿಯ ಹಾಗೆ ಒಗ್ಗಿತು. ಮನೆಯಿಂದ ಹೊರಟವನು ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ವಾಪಸು ಹೋಗುವ ಜಾತಿ ನನ್ನದು. ಜಗತ್ತಿನಲ್ಲಿ ನನ್ನ ಹಾಗೆಯೇ ಇನ್ನೊಬ್ಬರು ಇದ್ದಾರೆ, ಅದಕ್ಕೆ ಅವರಿಗೆ ಒಳ್ಳೆಯ ಸಂಬಳವೂ ಇದೆ ಎಂದು ತಿಳಿದು ಸಮಾಧಾನವಾಗಿತ್ತು.

ಈ ಧೀರರಿಗೆ ಒಂದೇ ಒಂದು ಭಯ. ಬೆಳಗಿನ ಕೆಲಸ ಶುರುವಾಗುವ ಮೊದಲು ಕೆಲಸದವರ ಮುಂದೆ ನಿಂತು ಐದು ನಿಮಿಷ ಸುರಕ್ಷತೆಯ ಬಗ್ಗೆ ಮಾತಾಡಬೇಕು. ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಿಂದ ಬಸ್ಸಿನಲ್ಲಿ ಬಂದ ನಲವತ್ತು ಮಂದಿ, ಅರ್ಧ ನಿದ್ದೆಯಲ್ಲಿ ನಿಂತಿರುತ್ತಿದ್ದರು. ಅಷ್ಟಕ್ಕೇ ಇವರ ಕೈಯ ಕಾಗದ ನಡುಗುತ್ತಿತ್ತು. ಕಿವಿ ಕೆಂಪಾಗುತ್ತಿತ್ತು. ಓದಿ ಮುಗಿಸಿ ಓಡಿಬಂದು ನೀರು ಕುಡಿಯುತ್ತಿದ್ದರು.

ಒಂದು ದಿನ ನನ್ನನ್ನೇ ಕೇಳಿದರು, ನೀವು ನಿಮ್ಮ ಜನರ ಸಭೆಯಲ್ಲಿ ಕಾಗದ ಇಲ್ಲದೆ ಮಾತಾಡುತ್ತೀರಂತೆ, ಹೇಗೆ ಎಂದು. ನಮ್ಮ ಕಡೆಯವರ ಒಂದು ಸಣ್ಣ ಕನ್ನಡ ಬಳಗ ಇಲ್ಲಿದೆ. ಅದಕ್ಕೆ ನಾನು ಸಾಂಸ್ಕೃತಿಕ ಕಾರ್ಯದರ್ಶಿ. ಬೇರೆ ಯಾರೂ ಒಪ್ಪದ ಕಾರಣ ಹನ್ನೊಂದು ವರ್ಷದಿಂದ ನಾನೇ. ಹೊಗಳಿದವರಿಗೆ ಗುಟ್ಟು ಬಿಟ್ಟುಕೊಡುವುದು ನನ್ನ ಹುಟ್ಟುಗುಣ. ಕೊನೆಯ ಸಾಲಿನಲ್ಲಿ ಮುಖ ಬಾಡಿಸಿಕೊಂಡು ನಿಂತವನೊಬ್ಬನನ್ನು ಆರಿಸಿಕೊಳ್ಳಿ, ಅವನೊಬ್ಬನಿಗೇ ಹೇಳಿ ಎಂದೆ. ಮುಖ್ಯವಾದ ಮಾತು ಬರುವ ಮೊದಲು ಕನ್ನಡಕ ತೆಗೆಯಿರಿ, ನಿಧಾನಕ್ಕೆ ಮಡಚಿ, ಜೇಬಿಗೆ ಹಾಕಿ, ನಾಲ್ಕು ಎಣಿಸಿ. ಅಷ್ಟರಲ್ಲಿ ಇಡೀ ಸಭೆ ನಿಮ್ಮ ಬಾಯಿಯನ್ನೇ ನೋಡುತ್ತಿರುತ್ತದೆ. ಕನ್ನಡಕ ಇಲ್ಲದ ಮೇಲೆ ನಿಮಗೆ ಯಾರ ಮುಖವೂ ಕಾಣಿಸುವುದಿಲ್ಲ, ಭಯವೂ ಹೋಗುತ್ತದೆ. ಈ ವಿದ್ಯೆ ನನಗೆ ಹೈಸ್ಕೂಲಿನ ಕನ್ನಡ ಮೇಷ್ಟರಿಂದ ಬಂದದ್ದು. ಅವರು ಅದನ್ನು ವ್ಯಾಕರಣ ಕಲಿಸಲು ಬಳಸುತ್ತಿದ್ದರು.

ಮರುವಾರ ಯಾರ್ಡಿನಲ್ಲಿ ಅವರು ಕನ್ನಡಕ ಮಡಚಿದರು. ನಲವತ್ತು ಮಂದಿ ಎಚ್ಚರವಾದರು. ವಾಪಸು ಬಂದು ನನ್ನ ಮೇಜಿನ ಮೇಲೆ ಒಂದು ಚಾಕಲೇಟ್ ಇಟ್ಟು ತಮ್ಮ ಕುರ್ಚಿಯಲ್ಲಿ ಕೂತರು.

*

ನನ್ನ ಉಮ್ಮ ತೀರಿಕೊಂಡ ದಿನವನ್ನು ಇಲ್ಲಿ ಹೇಳದಿದ್ದರೆ ನಾನು ಕೃತಘ್ನನಾಗುತ್ತೇನೆ. ಬೆಳಗ್ಗೆ ಎಂಟಕ್ಕೆ ಊರಿನಿಂದ ಫೋನ್ ಬಂತು. ಆಗ ದೇಶ ಬಿಟ್ಟು ಹೊರಡಲು ಕಂಪನಿಯ ಒಪ್ಪಿಗೆ ಕಾಗದ ಬೇಕಿತ್ತು. ಸಹಿ ಹಾಕುವವರು ಯಾವುದೋ ಮೀಟಿಂಗಿನಲ್ಲಿದ್ದರು. ನಾನು ಅವರ ಬಾಗಿಲ ಹೊರಗೆ ನಿಂತೆ. ಸ್ವಲ್ಪ ಹೊತ್ತಿಗೆ ಇವರೂ ಬಂದು ನನ್ನ ಪಕ್ಕ ನಿಂತರು. ಅಲ್ಲಿ ಕುರ್ಚಿ ಇರಲಿಲ್ಲ. ಎರಡು ಗಂಟೆ ಹಾಗೆಯೇ ನಿಂತಿದ್ದರು. ಯಾರ್ಡಿನಿಂದ ಮೂರು ಸಲ ಕರೆ ಬಂದರೂ ಹೋಗಲಿಲ್ಲ. ಕೊನೆಗೆ ಬಾಗಿಲು ತಟ್ಟದೆ ಒಳಗೆ ನುಗ್ಗಿ ಸಹಿ ಹಾಕಿಸಿಕೊಂಡು ಬಂದರು. ವಿಮಾನ ನಿಲ್ದಾಣಕ್ಕೆ ತಾವೇ ಕಾರು ಓಡಿಸಿದರು. ದಾರಿಯಲ್ಲಿ ಒಂದೇ ಮಾತು ಆಡಿದರು.

“ಒಬ್ಬ ಮನುಷ್ಯ ತನ್ನ ತಾಯಿಯ ಹತ್ತಿರ ಹೋಗಲು ಇನ್ನೊಬ್ಬನ ಕಾಗದ ಯಾಕೆ ಬೇಕು?”

ಈಗ ಅವರ ಭಾಷಣಗಳಲ್ಲಿ ಕಾಗದದ ಮಾತೇ ಹೆಚ್ಚಂತೆ. ಯಾರ ಹತ್ತಿರ ಯಾವ ಕಾಗದ ಇದೆ, ಯಾರದ್ದು ಮುಗಿದಿದೆ, ಯಾರು ಹೊರಡಬೇಕು ಎಂದು. ಇಬ್ಬರನ್ನೂ ಒಂದೇ ಅಂಗಿಯೊಳಗೆ ಇಟ್ಟು ನೋಡಲು ಎಷ್ಟೋ ಸಲ ಪ್ರಯತ್ನಿಸಿದೆ. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ತೋಳಿನಿಂದ ಜಾರಿ ಹೊರಬೀಳುತ್ತಾರೆ.

*

ಶುಕ್ರವಾರ ನಮ್ಮಲ್ಲಿ ಅವರ ಊಟ. ತಿಂಗಳಿಗೊಮ್ಮೆ ಇಲ್ಲೇ ಅಬು ಹಮೂರಿನ ಚರ್ಚುಗಳ ಆವರಣದಲ್ಲಿ ಅವರ ಭಾಷೆಯಲ್ಲಿ ಪ್ರಾರ್ಥನೆ ಇರುತ್ತಿತ್ತು. ದೇವರ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಊರಿನಲ್ಲಿ ಭಾನುವಾರವೂ ಹೋಗದವನು ಇಲ್ಲಿ ಶುಕ್ರವಾರ ಹೋಗುತ್ತೇನೆ, ಇಪ್ಪತ್ತು ಜನ ಒಟ್ಟಿಗೆ ನನ್ನ ಭಾಷೆಯಲ್ಲಿ ಹಾಡುವುದು ಕೇಳುತ್ತದಲ್ಲ ಎನ್ನುತ್ತಿದ್ದರು. ನಾನು ಜುಮಾ ನಮಾಜು ಮುಗಿಸಿ ಬರುವಷ್ಟರಲ್ಲಿ ಅವರು ನಮ್ಮ ಮೆಟ್ಟಿಲಲ್ಲಿ ಶೂ ಬಿಚ್ಚುತ್ತಿರುತ್ತಿದ್ದರು. ನನ್ನವಳ ಅಕ್ಕಿ ಪತ್ತಿರ್ ರೊಟ್ಟಿ ಮತ್ತು ಕೋಳಿ ಸಾರು ಅವರಿಗೆ ಪ್ರಾಣ. ಪತ್ತಿರನ್ನು ನಾಲ್ಕಾಗಿ ಮಡಚಿ, ಅಂಚಿಗೆ ಅಂಚು ಕೂಡಿಸಿ, ಆಮೇಲೆ ಸಾರಿಗೆ ಅದ್ದುತ್ತಿದ್ದರು.

ಆಗ ಅಫ್ರಾ ನಾಲ್ಕನೆಯ ಕ್ಲಾಸು. ಅವಳ ಜೊತೆ ಬಾಲ್ಕನಿಯಲ್ಲಿ ಕೂತು ಪಾರಿವಾಳಗಳನ್ನು ಜರ್ಮನ್‌ನಲ್ಲಿ ಎಣಿಸುವುದು ಅವರ ಆಟ. ಹತ್ತರವರೆಗೆ ಬಂತು, ನೂರರವರೆಗೆ ಬಂತು. ಹಕ್ಕಿಗಳ ಚಿತ್ರದ ಒಂದು ದಪ್ಪ ಪುಸ್ತಕ ತಂದುಕೊಟ್ಟರು. ಅವಳನ್ನು ‘ಪುಟ್ಟ ಹಕ್ಕಿ’ ಎಂದೇ ಕರೆಯುತ್ತಿದ್ದರು. ನನ್ನ ಮಗಳಿಗೆ ಕನ್ನಡ ಓದಲು ಇವತ್ತಿಗೂ ತಡವರಿಕೆ, ಜರ್ಮನ್ ಮಾತ್ರ ನೀರು ಕುಡಿದ ಹಾಗೆ. ಕನ್ನಡ ಬಳಗದ ಸಾಂಸ್ಕೃತಿಕ ಕಾರ್ಯದರ್ಶಿಯ ಮನೆಯ ಸ್ಥಿತಿ ಇದು.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ.

ಒಂದು ವರ್ಷ ನಮ್ಮ ರಾಜ್ಯೋತ್ಸವಕ್ಕೆ ಬರಬೇಕಿದ್ದ ಮುಖ್ಯ ಅತಿಥಿ ಮಧ್ಯಾಹ್ನ ಫೋನ್ ಮಾಡಿ, ಬರಲಾಗುವುದಿಲ್ಲ ಎಂದರು. ಮುಖ್ಯ ಅತಿಥಿ ಇಲ್ಲದೆ ಕನ್ನಡಿಗರ ಸಭೆ ಶುರುವಾಗುವುದಿಲ್ಲ. ಶಾಲು ತಂದಾಗಿದೆ, ಪೇಟ ತಂದಾಗಿದೆ, ಹಣ್ಣಿನ ತಟ್ಟೆ ಕಟ್ಟಿಯಾಗಿದೆ. ಯಾರಿಗಾದರೂ ತೊಡಿಸಲೇಬೇಕು. ನಾನು ಇವರನ್ನು ಕಾರಿನಲ್ಲಿ ಹಾಕಿಕೊಂಡು ಹೋದೆ. ಪೇಟ ಅವರ ತಲೆಗೆ ಸಣ್ಣದಾಯಿತು. ಹಣೆಯ ಮೇಲೆ ಒಂದು ಬೋಗುಣಿ ಕೂತ ಹಾಗೆ ಕೂತಿತು. ಹೆಗಲಿಗೆ ಹಳದಿ ಕೆಂಪು ಶಾಲು. ಬೀಳಬಾರದೆಂದು ಅವರು ಎರಡು ಗಂಟೆ ಕುತ್ತಿಗೆ ಅಲುಗಿಸಲಿಲ್ಲ. ಆ ಫೋಟೋ ನಮ್ಮ ಹಾಲಿನಲ್ಲಿ ತೂಗುತ್ತಿದೆ. ಪಕ್ಕದಲ್ಲಿ ನಾನು, ಅವರಿಗಿಂತ ಗಂಭೀರವಾಗಿ.

ಅವತ್ತು ನನ್ನ ಭಾಷಣಕ್ಕೆ ರೆಕ್ಕೆ ಬಂದಿತ್ತು. ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಒಂದು ಮಾತು ಕನ್ನಡ ಕಲಿಯದವರ ಮೇಲೆ ಹರಿಹಾಯ್ದೆ. ಕನ್ನಡಕ ತೆಗೆದೆ, ಮಡಚಿದೆ, ನಾಲ್ಕು ಎಣಿಸಿದೆ.

“ಅನ್ನ ಕೊಡುವ ನೆಲದ ಮಾತು ಕಲಿಯದವನು ಅತಿಥಿಯಲ್ಲ, ಬಾಡಿಗೆಯವನು. ಬಾಡಿಗೆಯವನು ಒಂದಲ್ಲ ಒಂದು ದಿನ ಬೀಗದ ಕೈ ಇಟ್ಟು ಹೊರಡಲೇಬೇಕು.”

ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ದೋಹಾದ ಬಾಡಿಗೆ ಹಾಲಿನಲ್ಲಿ, ಹತ್ತು, ಇಪ್ಪತ್ತು, ಮೂವತ್ತು ವರ್ಷದಿಂದ ಈ ನೆಲದ ಅನ್ನ ಉಂಡವರು ನಾವು. ನಮ್ಮಲ್ಲಿ ಮುಕ್ಕಾಲು ಪಾಲು ಜನರ ಅರೇಬಿಕ್ ನಡಿ ಎನ್ನುವ ಯಲ್ಲಾ, ಮುಗಿಯಿತು ಎನ್ನುವ ಖಲಾಸ್, ಇಲ್ಲ ಎನ್ನುವ ಮಾಫಿಯಲ್ಲಿ ಮುಗಿಯುತ್ತದೆ. ನನಗೆ ಕುರಾನ್ ಓದಲು ಬರುತ್ತದೆ; ಔಷಧಿ ಅಂಗಡಿಯಲ್ಲಿ ಹಲ್ಲುನೋವು ಎಂದು ಹೇಳಲು ಬರುವುದಿಲ್ಲ. ಇದು ಆ ದಿನ ಆ ಹಾಲಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗಂತೂ ಇಲ್ಲ.

ಮುಖ್ಯ ಅತಿಥಿಗೂ ಹೊಳೆಯಲಿಲ್ಲ. ಅವರ ಅರೇಬಿಕ್ ಕೂಡ ಅದೇ ಮೂರು ಮಾತು. ವಾಪಸು ಬರುವಾಗ ಕಾರಿನಲ್ಲಿ, ಜನ ಎದ್ದು ನಿಂತರಲ್ಲ, ಆಗ ಏನು ಹೇಳಿದಿರಿ ಎಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ, ಎರಡು ಸಲ. ಸಿಗ್ನಲ್ಲಿನಲ್ಲಿ ಅವರು ಕಟ್ಟುಗಳ ಟಿಪ್ಪಣಿ ಬರೆಯುವ ಪುಸ್ತಕ ತೆಗೆದು ಅದನ್ನು ಬರೆದುಕೊಂಡರು. ತಮ್ಮ ಊರಿನ ಶಾಲೆ ಮುಚ್ಚಿದೆ, ರೈಲು ನಿಂತಿದೆ, ಬೇಕರಿಗೂ ಬೀಗ ಬಿದ್ದಿದೆ ಎಂದು ಮೊದಲ ಬಾರಿಗೆ ಅವತ್ತು ಹೇಳಿದರು. ನನಗೆ ಹೆಮ್ಮೆಯಾಯಿತು. ನನ್ನ ಭಾಷಣವನ್ನು ಅದುವರೆಗೆ ಯಾರೂ ಬರೆದುಕೊಂಡಿರಲಿಲ್ಲ.

ನಂಜುಂಡ ತೋರಿಸಿದ ವಿಡಿಯೋವನ್ನು ಮನೆಗೆ ತಂದು ಅಫ್ರಾಳ ಮುಂದೆ ಇಟ್ಟೆ. ಕನ್ನಡಕ ಮಡಚಿದ ಮೇಲೆ ಅವರು ಏನೆಂದರು ಎಂದು ಕೇಳಿದೆ. ಅವಳು ಕಿವಿಗೆ ಹಿಡಿದು ಕೇಳಿದಳು. ಮತ್ತೊಮ್ಮೆ ಕೇಳಿದಳು. ನಮ್ಮ ಮಾತು ಮನೆಯಲ್ಲಿ ಬ್ಯಾರಿಯಲ್ಲಿ. ಕನ್ನಡದಲ್ಲಿ ಅದು ಹೀಗಾಗುತ್ತದೆ, ಅಪ್ಪನಿಗೆ ಅನ್ನುವ ‘ಉಪ್ಪ’ ಒಂದನ್ನು ಬಿಟ್ಟು.

“ಬೀಗದ ಕೈ ಇಟ್ಟು ಹೋಗ್ಬೇಕು ಅಂತೆ. ಬಾಡಿಗೆಯವರು.” ಆಮೇಲೆ ನನ್ನ ಮುಖ ನೋಡಿದಳು. “ಎಂತ ಉಪ್ಪ, ಯಾಕೆ ಬೆವರುವುದು?”

ಹೇಳಿದೆ. ಎಲ್ಲ ಹೇಳಿದೆ. ಅವಳು ನಗಲಿಲ್ಲ. ಅವಳ ಉಮ್ಮ ಅಡುಗೆಮನೆಯಿಂದಲೇ, ಇವರು ಭಾಷಣ ಮಾಡಿ ಒಂದು ದೇಶ ಹಾಳು ಮಾಡಿದ್ದು ಸಾಕು, ಊಟಕ್ಕೆ ಬನ್ನಿ ಎಂದಳು.

*

ಆ ವಾರ ನಾನು ಮಾಡದ ಚಿಂತೆ ಇಲ್ಲ. ಒಂದು ದಿನ ಕಳಿಸುವುದು ಬೇಡ ಎಂದು ತೀರ್ಮಾನ. ಮರುದಿನ, ಅವರ ಪಕ್ಷ ಇರುವ ಕಡೆ ಮಂಡಿನೋವು ಇರುವುದಿಲ್ಲವೇ, ಮಂಡಿ ತಿಕ್ಕುವವಳಿಗೆ ಯಾರು ಏನು ಮಾಡುತ್ತಾರೆ ಎಂದು ಸಮಾಧಾನ. ನಂಜುಂಡನ ಸಲಹೆ ಬೇರೆಯೇ ಇತ್ತು. “ಏನ್ ಸಾಹೇಬ್ರೆ, ಅಷ್ಟ್ ದೊಡ್ ಮನುಷ್ಯ ನಿಮ್ ಶಿಷ್ಯ, ಒಂದ್ ಮಾತು ಹೇಳಿದ್ರೆ ಹುಡುಗೀಗೆ ರಕ್ಷಣೆ ಅಲ್ವಾ” ಎಂದ. ಊರಿನಲ್ಲಿ ಎಮ್ಮೆಲ್ಲೆ ಪರಿಚಯ ಇದ್ದ ಹಾಗೆ ಅವನ ಲೆಕ್ಕ.

ಒಂದು ಸಂಜೆ ನಾನು ಅಫ್ರಾಳ ಹತ್ತಿರ ಹೋಗಿ, ಅಲ್ಲಿ ಚಳಿ ಜೋರಂತೆ, ಸ್ಕಾರ್ಫಿನ ಬದಲು ಉಣ್ಣೆ ಟೋಪಿ ಹಾಕಿಕೊಂಡರೂ ತಲೆ ಮುಚ್ಚಿದ ಹಾಗೆಯೇ ಅಲ್ಲವೇ ಎಂದೆ. ಎಷ್ಟು ಸಹಜವಾಗಿ ಹೇಳಿದೆನೆಂದರೆ ನನಗೇ ನಾಚಿಕೆಯಾಯಿತು. ಅವಳು ಗೋಡೆಯ ಫೋಟೋ ತೋರಿಸಿದಳು.

“ಅವರು ಪೇಟ ಹಾಕಿಕೊಂಡು ಕೂತಾಗ ತೆಗೀರಿ ಅಂತ ಇಲ್ಲಿ ಯಾರಾದ್ರೂ ಹೇಳಿದ್ದಾರಾ?”

ಕೊನೆಗೆ ಅವರಿಗೇ ಬರೆದೆ. ಅವರ ನಂಬರು ನನ್ನಲ್ಲಿತ್ತು. ಇಲ್ಲಿಂದ ಹೋದ ಮೇಲೂ ಪ್ರತಿ ವರ್ಷ ಹಬ್ಬಕ್ಕೆ ಅವರಿಂದ ಸಂದೇಶ ಬರುತ್ತಿತ್ತು. ಈ ವರ್ಷವೂ ಬಂದಿತ್ತು: ಈದ್ ಮುಬಾರಕ್, ಪುಟ್ಟ ಹಕ್ಕಿಗೆ ನನ್ನ ನೆನಪು. ಅದರ ಕೆಳಗೆ ನಾನು ಮಗಳ ಕೆಲಸದ ವಿಷಯ ಬರೆದೆ, ಆಸ್ಪತ್ರೆಯ ಊರಿನ ಹೆಸರು ಬರೆದೆ. ಅವಳು ಅಲ್ಲಿಗೆ ಬರಬಹುದೇ, ನೀವೇ ಹೇಳಿ ಎಂದು ಕೇಳಿದೆ. ಬರೆದು ಅಳಿಸಿ ಬರೆದು, ಮೂರು ಸಾಲಿಗೆ ಒಂದು ಮಧ್ಯಾಹ್ನ ಹಿಡಿಯಿತು.

ಉತ್ತರ ಹತ್ತು ನಿಮಿಷದಲ್ಲಿ ಬಂತು. ಪುಟ್ಟ ಹಕ್ಕಿ ಖಂಡಿತ ಬರಲಿ, ನಮಗೆ ಅವಳಂಥವರು ಬೇಕು. ನಾನು ಹೇಳುತ್ತಿರುವುದು ಅವಳಂಥವರ ಬಗ್ಗೆ ಅಲ್ಲ ಎಂದು ಬರೆದಿದ್ದರು. ನನ್ನ ಎದೆಯ ಮೇಲಿನ ಒಂದು ಟ್ರಾನ್ಸ್‌ಫಾರ್ಮರ್ ಇಳಿಯಿತು. ಆಗ ಇನ್ನೊಂದು ಸಂದೇಶ ಬಂತು. ಆ ಪೇಟದ ಫೋಟೋ ಯಾರ ಹತ್ತಿರವಾದರೂ ಇದೆಯೇ? ಈ ಸಮಯದಲ್ಲಿ ಅದು ಹೊರಗೆ ಬಾರದಿದ್ದರೆ ಒಳ್ಳೆಯದು.

ಎರಡನ್ನೂ ಅಫ್ರಾಳಿಗೆ ತೋರಿಸಿದೆ. ಅವಳು ಮೊದಲನೆಯದರ ಮೇಲೆ ಬೆರಳಿಟ್ಟಳು.

“ನನ್ನಂಥವರ ಬಗ್ಗೆ ಅಲ್ಲ ಅಂತೆ. ನಾನು ಅವರ ಭಾಷೆ ಕಲ್ತಿದ್ದೇನೆ. ಮತ್ತೆ ಯಾರ ಬಗ್ಗೆ? ಇಪ್ಪತ್ತೆರಡು ವರ್ಷ ಇಲ್ಲಿದ್ದೂ ಕಲಿಯದವರ ಬಗ್ಗೆ. ಉಪ್ಪ, ಅವರು ಹೇಳ್ತಿರುವುದು ನಿಮ್ಮಂಥವರ ಬಗ್ಗೆ.”

“ನಾನು ಅಲ್ಲಿಗೆ ಹೋಗುವುದಿಲ್ಲವಲ್ಲ” ಎಂದೆ.

“ನಿಮ್ಮಂಥವರು ಅಲ್ಲೂ ಇರ್ತಾರೆ. ಅವರ ಮಂಡಿಯನ್ನೂ ನಾನೇ ನೋಡುವುದು.”

ಹೇಳಿ ಹಣ್ಣಿನ ಬುಟ್ಟಿ ಎತ್ತಿ ಸರಿಸಿ ಸಹಿ ಹಾಕಿದಳು. ನಿಂತುಕೊಂಡೇ. ಚಿಂತೆಗೆ ಒಂದು ವಾರ ಸಾಲದೆಂದು ಒದ್ದಾಡುತ್ತಿದ್ದವನಿಗೆ ಅದು ಮುಗಿದದ್ದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅವರಿಗೆ ಉತ್ತರ ಕೊಡಬೇಕಿತ್ತು. ಫೋಟೋ ನನ್ನ ಹತ್ತಿರ ಭದ್ರವಾಗಿದೆ ಎಂದು ಬರೆದು ಕಳಿಸಿದೆ. ಕಳಿಸಿದ ಮೇಲೆ, ಇದು ಅಭಯವೋ ಬೆದರಿಕೆಯೋ ಎಂದು ನನಗೇ ಅನುಮಾನವಾಯಿತು. ಅವರಿಗೂ ಆಗಿರಬೇಕು. ನೋಡಿದ್ದಾರೆ ಎಂಬ ಎರಡು ನೀಲಿ ಗೀಟು ಬಂತು, ಮಾತು ಬರಲಿಲ್ಲ. ಫೋಟೋವನ್ನು ಗೋಡೆಯಿಂದ ತೆಗೆದೆ. ಬಿಳಿ ಚೌಕ ಉಳಿಯಿತು. ಅದು ಫೋಟೋಗಿಂತ ಎದ್ದು ಕಾಣುತ್ತಿತ್ತು. ಮತ್ತೆ ತೂಗುಹಾಕಿದೆ.

ಅವಳು ಹೊರಡುವ ದಿನ ಸೂಟ್‌ಕೇಸಿನ ಜಿಪ್ಪು ಕೈಕೊಟ್ಟಿತು. ಮಂಚದ ಕೆಳಗೆ, ಅವರು ಊರಿಗೆ ಮರಳುವಾಗ ನಮ್ಮಲ್ಲಿ ಬಿಟ್ಟುಹೋದ ಸಾಮಾನಿನಲ್ಲಿ, ಟ್ರೈಲರಿಗೆ ಕಟ್ಟುವ ಕಿತ್ತಳೆ ಬಣ್ಣದ ಪಟ್ಟಿಯೊಂದಿತ್ತು. ಅಫ್ರಾ ಅದನ್ನು ಎರಡು ಸುತ್ತು ಬಿಗಿದಳು. ತೋರುಬೆರಳಿನಿಂದ ಮೀಟಿದಳು. ತಲೆ ಓರೆ ಮಾಡಿ ಕೇಳಿದಳು. ಆ ಬಾಲ್ಕನಿಯಲ್ಲಿ ಎಣಿಕೆಯ ಜೊತೆಗೆ ಇದನ್ನೂ ಕಲಿಸಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ.

*

ಅವಳು ಹೋಗಿ ಮೂರು ತಿಂಗಳಾಯಿತು. ಮೊದಲ ದಿನದಿಂದ ನಾನು ಕೇಳುವ ಪ್ರಶ್ನೆಗಳಿಗೆ ಅವಳು ಒಂದೇ ಉತ್ತರ ಕೊಡುತ್ತಾಳೆ: ಬಸ್ಸಿನಲ್ಲಿ ಕೆಲವರು ಪಕ್ಕದಲ್ಲಿ ಕೂರುವುದಿಲ್ಲ, ಕೆಲವರು ಕೂತು ಮಾತಾಡಿಸುತ್ತಾರೆ, ನೀವು ಮಾತ್ರೆ ತೆಗೆದುಕೊಂಡಿರಾ? ನಾನು ಇಲ್ಲಿ ವಾರಕ್ಕೆ ಎರಡು ದಿನ ಅರೇಬಿಕ್ ಕ್ಲಾಸಿಗೆ ಹೋಗುತ್ತಿದ್ದೇನೆ. ಹಲ್ಲುನೋವಿನವರೆಗೆ ಬಂದಿದ್ದೇನೆ. ಈ ನವೆಂಬರಿನ ಭಾಷಣಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಬಳಗಕ್ಕೆ ತಿಳಿಸಿದೆ. ಯಾರೂ ಸಿಗುವುದಿಲ್ಲ ಎಂಬ ಚಿಂತೆ ಈಗಲೇ ಶುರುವಾಗಿದೆ.

ಮೊನ್ನೆ ಅವಳು ಒಂದು ಚಿತ್ರ ಕಳಿಸಿದಳು. ಅಲ್ಲಿ ಚುನಾವಣೆಯಂತೆ. ಆಸ್ಪತ್ರೆಯ ಗೇಟಿನ ಎದುರಿನ ದೀಪದ ಕಂಬಕ್ಕೆ ಒಂದು ಪೋಸ್ಟರ್ ಕಟ್ಟಿದ್ದಾರೆ. ಅದರಲ್ಲಿ ಅವರು. ಕೈಯಲ್ಲಿ ಮಡಚಿದ ಕನ್ನಡಕ. ನೆಲ ನೋಡುತ್ತಿಲ್ಲ, ನೇರ ನನ್ನನ್ನೇ ನೋಡುತ್ತಿದ್ದಾರೆ. ನೋಡಿ ಮುಗಿಸುವಷ್ಟರಲ್ಲಿ ಅವಳ ಧ್ವನಿ ಸಂದೇಶ ಬಂತು.

“ಉಪ್ಪ, ಇದನ್ನು ಪ್ಲಾಸ್ಟಿಕ್ ಪಟ್ಟಿಯಲ್ಲಿ ಕಟ್ಟಿದ್ದಾರೆ. ಮೀಟಿ ನೋಡಿದೆ. ಡಬ್ ಅಂತ ಹೇಳ್ತದೆ. ಅವರೇ ನೋಡಿದ್ರೆ ಬಿಚ್ಚಿ ಮತ್ತೆ ಕಟ್ಟಿಸ್ತಿದ್ರು.” ಕೊನೆಯಲ್ಲಿ, “ನಾನು ಬಿಗಿ ಮಾಡ್ಲಿಲ್ಲ.”

ನಾನು ಚಿತ್ರವನ್ನು ದೊಡ್ಡದು ಮಾಡಿ ಕಂಬ ನೋಡಿದೆ, ಪಟ್ಟಿ ನೋಡಿದೆ. ಅದರ ಕೆಳಗಿನ ಕಾಲುದಾರಿ ನೋಡಿದೆ. ದಿನಕ್ಕೆ ಎರಡು ಸಲ ಅವಳು ನಡೆಯುವ ದಾರಿ.

ಅಲ್ಲಿ ಗಾಳಿ ಜೋರುಂಟಾ ಎಂದು ಕೇಳಿದೆ.